ಅನುಕೂಲದ ಹುದ್ದೆ: ಒಬ್ಬ ಮಹಿಳಾ ಅಧಿಕಾರಿಯ ಸೇವಾವಧಿಯ ಪ್ರಕರಣ ಅಧ್ಯಯನ

ಈ ಪ್ರಕರಣದ ಅಧಿಕಾರಿ ಕರ್ನಾಟಕ ಕೇಡರಿನ ಐಎಎಸ್. ಈಗ ನಿವೃತ್ತರು. ಹೆಸರು, ಜಿಲ್ಲೆ, ಇಲಾಖೆ ಯಾವುದನ್ನೂ ಹೇಳುತ್ತಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವರನ್ನು ಮೇಡಂ ಅಂತಲೇ ಕರೆಯುತ್ತೇನೆ.

ಮೂರು ಕುರ್ಚಿಗಳಲ್ಲಿ ಕೂತ ಮೊದಲ ಹೆಂಗಸು ಅವರು. ಒಂದು ಉಪವಿಭಾಗಕ್ಕೆ ಅಸಿಸ್ಟೆಂಟ್ ಕಮಿಷನರ್, ಒಂದು ಜಿಲ್ಲೆಗೆ ಜಿಲ್ಲಾಧಿಕಾರಿ, ಎಂಜಿನಿಯರುಗಳದ್ದೇ ದರ್ಬಾರಾಗಿದ್ದ ಒಂದು ಇಲಾಖೆಗೆ ಪ್ರಧಾನ ಕಾರ್ಯದರ್ಶಿ. ಸನ್ಮಾನ ಸಮಾರಂಭಗಳಲ್ಲಿ ಈ ಮೂರನ್ನೇ ಓದಿ ಶಾಲು ಹೊದಿಸುತ್ತಾರೆ. ಮೊದಲ ಕುರ್ಚಿಗೂ ಎರಡನೆಯದಕ್ಕೂ ನಡುವೆ ಹತ್ತು ವರ್ಷಕ್ಕೂ ಜಾಸ್ತಿ ಅಂತರವಿದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಕುತೂಹಲ ಇರುವುದು ಆ ಅಂತರದ ಬಗ್ಗೆಯೇ.

ಹಿನ್ನೆಲೆ

ಮೇಡಂ ಸೇವೆಗೆ ಸೇರಿದ್ದು 1970ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ದಾರಿ ತುಳಿದವರು ಕೆಲವರಿದ್ದರು. ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಂ ಜಾರ್ಜ್, 1951ರ ಬ್ಯಾಚಿನವರು. ಮದುವೆಯ ನಂತರ ಅನ್ನಾ ರಾಜಂ ಮಲ್ಹೋತ್ರಾ ಆದರು. ಸಂದರ್ಶನದಲ್ಲೇ ಅವರಿಗೆ ಬೇರೆ ಸೇವೆಗಳ ಆಸೆ ತೋರಿಸಿದ್ದರು. ಹೆಂಗಸರಿಗೆ ಅವೇ ಒಗ್ಗುತ್ತವೆ ಅನ್ನುವ ಮಾತು. ಅವರು ಜಗ್ಗಲಿಲ್ಲ. ಮದ್ರಾಸ್ ರಾಜ್ಯಕ್ಕೆ ಬಂದ ಮೇಲೆ, ಜಿಲ್ಲೆಯ ತಂಟೆ ಬೇಡ, ಸಚಿವಾಲಯದಲ್ಲೇ ಇರಿ ಎಂಬ ಸಲಹೆ ಬಂತು. ಆಗ ಅಲ್ಲಿ ರಾಜಾಜಿ ಮುಖ್ಯಮಂತ್ರಿ. ಅನ್ನಾ ರಾಜಂ ವಾದ ಮಾಡಿ ಹೊಸೂರಿಗೆ ಸಬ್ ಕಲೆಕ್ಟರ್ ಆಗಿ ಹೋದರು. ಅವರ ನೇಮಕಾತಿ ಆದೇಶದಲ್ಲಿ, ಮದುವೆಯಾದರೆ ಸೇವೆ ಮುಗಿಯುತ್ತದೆ ಎಂಬ ಷರತ್ತೂ ಇತ್ತು. ಆ ನಿಯಮ ಆಮೇಲೆ ಹೋಯಿತು.

ಇನ್ನೊಬ್ಬರು ನಮ್ಮ ಕೊಡಗಿನವರೇ. ಸಿ.ಬಿ. ಮುತ್ತಮ್ಮ, 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ 1961ರ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೂ, ಮನೆ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾದೀತು ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ಕೋರ್ಟಿನಲ್ಲಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅರ್ಜಿಯನ್ನು ವಜಾ ಮಾಡಿತು. ಜೊತೆಗೇ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು. ಲಿಂಗ ತಾರತಮ್ಯದ ಕಲೆ ಉಳಿಯದಂತೆ ಎಲ್ಲ ಸೇವಾ ನಿಯಮಗಳನ್ನೂ ಮರುಪರಿಶೀಲಿಸಿ ಎಂದು ಸರ್ಕಾರಕ್ಕೆ ಹೇಳಿತು.

ಆ ತೀರ್ಪು ಬಂದಾಗ ಮೇಡಂ ಹೊಸ ಅಧಿಕಾರಿ. ಬರಹದಲ್ಲಿದ್ದ ತಡೆಗಳು ಒಂದೊಂದಾಗಿ ಬೀಳುತ್ತಿದ್ದ ಕಾಲ. ಅವರಿಗೆ ಎದುರಾದದ್ದು ಬಾಯಿಮಾತಿನ ತಡೆ. ಅದಕ್ಕೆ ನಿಯಮದ ಸಂಖ್ಯೆ ಇರುವುದಿಲ್ಲ, ಆದೇಶದ ದಿನಾಂಕವೂ ಇರುವುದಿಲ್ಲ.

ಮೊದಲ ತಿರುವು

ತರಬೇತಿ ಮುಗಿಸಿ ಬಂದ ಮೇಡಂಗೆ ಜಿಲ್ಲಾ ಕೇಂದ್ರದಿಂದ ದೂರದ ಒಂದು ಉಪವಿಭಾಗಕ್ಕೆ ಅಸಿಸ್ಟೆಂಟ್ ಕಮಿಷನರ್ ಆಗಿ ಆದೇಶ ಬಂತು. ಚಾರ್ಜ್ ತೆಗೆದುಕೊಳ್ಳುವ ಮುನ್ನ ಜಿಲ್ಲಾಧಿಕಾರಿಯನ್ನು ಭೇಟಿಯಾಗುವುದು ರೂಢಿ. ಅವರು ಒಳ್ಳೆಯವರು, ತಂದೆಯ ವಯಸ್ಸಿನವರು. ಕಾಫಿ ತರಿಸಿ, "ನೋಡಮ್ಮಾ, ಅಲ್ಲಿ ಕ್ವಾರ್ಟರ್ಸ್ ಸರಿಯಿಲ್ಲ, ರಾತ್ರಿ ಹೊತ್ತು ಓಡಾಟ ಬೇರೆ. ನೀನು ಇಲ್ಲೇ ಇದ್ದುಬಿಡು. ಆರ್ಡರ್ ನಾನು ಮಾಡಿಸ್ತೀನಿ" ಅಂದರು.

ಮೇಡಂ ಕೇಳಿದ್ದು ಒಂದೇ ಮಾತು. "ಸರ್, ಈ ಕಾರಣನ ಒಂದು ಸಾಲು ಬರೆದು ಕೊಡ್ತೀರಾ? ನನ್ನ ಫೈಲಲ್ಲಿ ಇರಲಿ."

ಜಿಲ್ಲಾಧಿಕಾರಿ ನಕ್ಕರು. ಬರೆಯಲಿಲ್ಲ. ಆ ಸಾಲನ್ನು ಕಾಗದದ ಮೇಲೆ ಹಾಕಿದರೆ ಅದು ಸಹಾಯದ ಹಾಗೆ ಕಾಣುವುದಿಲ್ಲ ಅಂತ ಅವರಿಗೆ ಹೊಳೆದಿರಬೇಕು. ಮೂಲ ಆದೇಶವೇ ಉಳಿಯಿತು. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳಲ್ಲಿ ಇದಕ್ಕೆ ಆಧಾರವೂ ಇದೆ. ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರಹದಲ್ಲಿರಬೇಕು, ತುರ್ತಿಗೆ ಬಾಯಲ್ಲಿ ಹೇಳಿದರೆ ಕೂಡಲೇ ಬರೆದು ದೃಢಪಡಿಸಬೇಕು. ಮೇಡಂ ನಿಯಮ ಉಲ್ಲೇಖಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹಾಗಾಗಿ ಜಿಲ್ಲಾಧಿಕಾರಿಗೂ ಮುಜುಗರ ಆಗಲಿಲ್ಲ. ಇದು ಸಣ್ಣ ಜಾಣತನವಲ್ಲ.

ಆ ಉಪವಿಭಾಗದಲ್ಲಿ ಅವರಿಗೆ ಸಿಕ್ಕ ಕೆಲಸ ಎಂಥದ್ದು ಅಂತ ಹೇಳದಿದ್ದರೆ, ಜಾಗ ಬಿಡದಿದ್ದದ್ದು ಯಾಕೆ ಮುಖ್ಯ ಅಂತ ಗೊತ್ತಾಗುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ದಿನ 1979ರ ಜೂನ್ 30. ಅರ್ಜಿ ವಿಚಾರಣೆ ಮಾಡುವ ಭೂನ್ಯಾಯಮಂಡಳಿಗೆ ಅಸಿಸ್ಟೆಂಟ್ ಕಮಿಷನರೇ ಅಧ್ಯಕ್ಷರು. ಕೊಠಡಿ ತುಂಬ ಅರ್ಜಿಯ ಕಟ್ಟುಗಳು. ಉಳುವವನೇ ಹೊಲದೊಡೆಯ ಅನ್ನುವ ಮಾತು ನಿಜವಾಗುವುದೋ ಸುಳ್ಳಾಗುವುದೋ ಈ ಮಂಡಳಿಯ ಮುಂದೆ.

ಒಂದು ಅರ್ಜಿಯಲ್ಲಿ ವಿಧವೆಯೊಬ್ಬರು ತಕರಾರು ತೆಗೆದಿದ್ದರು. ಗಂಡ ಮತ್ತು ಮೈದುನ ಸೇರಿ ಗೇಣಿ ಮಾಡುತ್ತಿದ್ದ ಜಮೀನು. ಗಂಡ ಸತ್ತ ಮೇಲೆ ಮೈದುನ ತನ್ನೊಬ್ಬನ ಹೆಸರಲ್ಲೇ ನಮೂನೆ 7 ಹಾಕಿದ್ದ. ಪಹಣಿಯ 9ನೇ ಕಾಲಂನಲ್ಲಿ ಧಣಿಯ ಹೆಸರು, ಸಾಗುವಳಿದಾರನ ಹೆಸರು ಬರೆಯುವ 12ನೇ ಕಾಲಂನಲ್ಲಿ ಮೈದುನನ ಹೆಸರು. ಕಾಗದ ನೋಡಿ ತೀರ್ಮಾನ ಮಾಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಮೇಡಂ ಸ್ಥಳ ತನಿಖೆಗೆ ದಿನ ಗೊತ್ತು ಮಾಡಿದರು. ಹೊಲದ ಬದುವಿನ ಮೇಲೆ, ಮಂಡಳಿಯ ಸದಸ್ಯರೂ ಊರವರೂ ನಿಂತಿದ್ದಾಗ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: ಹೋದ ಮೂರು ವರ್ಷ ಯಾವ ತುಂಡಿನಲ್ಲಿ ಏನು ಬಿತ್ತಿದ್ರಿ, ನೀರು ಯಾವ ಕಡೆಯಿಂದ ತಿರುಗಿಸಿದ್ರಿ? ಆ ಹೆಂಗಸು ಬೆರಳು ತೋರಿಸುತ್ತಾ ಒಂದೊಂದೇ ತುಂಡಿನ ಲೆಕ್ಕ ಒಪ್ಪಿಸಿದರು. ಮೈದುನ ಅರ್ಧದಲ್ಲೇ ತಡವರಿಸಿದ. ಕೊನೆಗೆ ಅಧಿಭೋಗದ ಹಕ್ಕು, ಅಂದರೆ ಜಮೀನನ್ನು ಸ್ವಂತದ್ದಾಗಿ ಅನುಭವಿಸುವ ಹಕ್ಕು, ಇಬ್ಬರ ಜಂಟಿ ಹೆಸರಿಗೆ ಬಂತು.

ಹೆಣ್ಣು ಎಂಬ ಕಾರಣಕ್ಕೆ ಮೇಡಂಗೆ ಇದು ಹೊಳೆಯಿತು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಬಿಸಿಲಲ್ಲಿ ಹೊಲಕ್ಕೆ ಹೋದದ್ದರಿಂದ ಹೊಳೆಯಿತು. ಜಿಲ್ಲಾ ಕೇಂದ್ರದ ಕುರ್ಚಿಯಲ್ಲಿ ಉಳಿದಿದ್ದರೆ ಅವರಿಗೂ 12ನೇ ಕಾಲಂ ಮಾತ್ರ ಕಾಣುತ್ತಿತ್ತು.

ಸಮಸ್ಯೆ

ಎರಡನೇ ಸಲ ಅನುಕೂಲದ ಮಾತು ಬಂದಾಗ ಮೇಡಂ ಒಪ್ಪಿಕೊಂಡರು. ಮಗು ಹುಟ್ಟಿತ್ತು. ಹೆರಿಗೆ ರಜೆ ಮುಗಿಸಿ ಬಂದವರನ್ನು ಒಂದು ತರಬೇತಿ ಸಂಸ್ಥೆಗೆ ಹಾಕಿದರು. "ಸದ್ಯಕ್ಕೆ ಇಲ್ಲಿರಿ, ಆಮೇಲೆ ನೋಡೋಣ" ಅಂತ ಮೇಲಿನವರು ಹೇಳಿದರು. ಅವರಿಗೂ ಆಗ ಅದು ಬೇಕಿತ್ತು. ಬೇಡ ಅನ್ನಲು ಕಾರಣವಿರಲಿಲ್ಲ. ಆದರೆ ಎಷ್ಟು ದಿನದ ಮಟ್ಟಿಗೆ, ಯಾರ ಕೋರಿಕೆಯ ಮೇಲೆ ಅನ್ನುವುದು ಎಲ್ಲೂ ದಾಖಲಾಗಲಿಲ್ಲ.

ತರಬೇತಿ ಸಂಸ್ಥೆಯಿಂದ ಸಮಾಜ ಕಲ್ಯಾಣದ ಒಂದು ಹುದ್ದೆ, ಅಲ್ಲಿಂದ ಒಂದು ನಿಗಮ, ಅಲ್ಲಿಂದ ಮತ್ತೆ ತರಬೇತಿ. ಎಲ್ಲ ಬೆಂಗಳೂರಲ್ಲೇ. ಎಲ್ಲ ಒಳ್ಳೆಯ ಕೆಲಸವೇ. ಇತ್ತ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಅವುಗಳ ಮುಖ್ಯ ಕಾರ್ಯದರ್ಶಿಗಳಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಗಳು ಹೋದರು. ಹಿರಿಯರು ಅತ್ತ ಹೋದಂತೆ ಮೇಡಂ ಬ್ಯಾಚಿನವರು ಜಿಲ್ಲಾಧಿಕಾರಿಗಳಾಗಿ ಹೊರಟರು. ಮೇಡಂ ಹೆಸರು ಪಟ್ಟಿಗೆ ಬರಲೇ ಇಲ್ಲ. ಕೇಳಿದರೆ ಸಿಗುತ್ತಿದ್ದ ಉತ್ತರ, "ನಿಮಗೆ ಫೀಲ್ಡ್ ಅನುಭವ ಕಮ್ಮಿ ಅಲ್ವಾ ಮೇಡಂ."

ಫೀಲ್ಡಿಗೆ ಕಳಿಸದೆ ಇಟ್ಟುಕೊಂಡವರೇ ಫೀಲ್ಡ್ ಅನುಭವ ಇಲ್ಲ ಎನ್ನುತ್ತಿದ್ದರು.

ಇನ್ನೊಂದು ವಿಷಯ ಅವರಿಗೆ ಆಮೇಲೆ ಗೊತ್ತಾಯಿತು, ಅದೂ ಒಬ್ಬ ಹಿರಿಯರು ಮಾತಿನ ನಡುವೆ ಬಾಯಿಬಿಟ್ಟದ್ದರಿಂದ. ಅವರ ಗೋಪ್ಯ ವರದಿಯಲ್ಲಿ, ನಾವು ಸಿ.ಆರ್. ಅನ್ನುತ್ತೇವಲ್ಲ, ಅದರಲ್ಲಿ ಒಂದು ವರ್ಷ ಹೀಗೆ ಬರೆದಿತ್ತು: ಮನೆಯ ಜವಾಬ್ದಾರಿಗಳಿರುವುದರಿಂದ ಕಚೇರಿ ಸ್ವರೂಪದ ಹುದ್ದೆಗಳಿಗೆ ಹೆಚ್ಚು ಸೂಕ್ತರು. ದರ್ಜೆ ‘ಉತ್ತಮ’. ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. 1970ರ ಗೋಪ್ಯ ವರದಿ ನಿಯಮಗಳ ಪ್ರಕಾರ ಪ್ರತಿಕೂಲ ಷರಾ ಇದ್ದರೆ ಮಾತ್ರ ಅಧಿಕಾರಿಗೆ ತಿಳಿಸಬೇಕಿತ್ತು. ‘ಉತ್ತಮ’ ಪ್ರತಿಕೂಲವಲ್ಲ. ಹಾಗಾಗಿ ಅವರಿಗೆ ಯಾರೂ ತಿಳಿಸಲಿಲ್ಲ. ಆದರೆ ‘ಅತ್ಯುತ್ತಮ’ದವರ ಸಾಲಿನಲ್ಲಿ ‘ಉತ್ತಮ’ ಹಿಂದೆ ಬೀಳುತ್ತದೆ ಅಂತ ಸಚಿವಾಲಯದ ಯಾವ ಗುಮಾಸ್ತನಿಗೂ ಗೊತ್ತು.

ಮುತ್ತಮ್ಮ ಪ್ರಕರಣದ ನಿಯಮವನ್ನು ಇದರ ಪಕ್ಕದಲ್ಲಿಟ್ಟು ಓದಿ. ಅದರ ಭಾಷೆಯೇ ಇಲ್ಲಿ ಮತ್ತೆ ಬಂದಿದೆ. ನಿಯಮ ಪುಸ್ತಕದಿಂದ ಹೋದ ಮಾತು ಸಿ.ಆರ್. ಒಳಗೆ ಹೊಕ್ಕಿತ್ತು. ಬರೆದವರಿಗೆ ಬಹುಶಃ ಇದು ತಪ್ಪು ಅಂತ ಅನಿಸಿಯೂ ಇಲ್ಲ. ಕೆಟ್ಟ ಮನಸ್ಸಿನವರಾಗಿದ್ದರೆ ಇದನ್ನು ಬಿಡಿಸುವುದು ಸುಲಭವಾಗುತ್ತಿತ್ತು.

ಏನೇನು ಮಾಡಿ ನೋಡಿದರು

ಮೊದಲು ಮೇಲಧಿಕಾರಿಗಳನ್ನು ಕಂಡು ಹೇಳಿಕೊಂಡರು. "ನೋಡೋಣ" ಅನ್ನುವ ಉತ್ತರ. ಅಧಿಕಾರಿಗಳ ಸಂಘದಲ್ಲಿ ಮಾತೆತ್ತಿದರು. ಇದು ನಿಮ್ಮ ವೈಯಕ್ತಿಕ ವಿಷಯ, ಸಂಘ ಹೇಗೆ ತಲೆಹಾಕುತ್ತೆ ಅಂದರು. ವಕೀಲರನ್ನು ಕೇಳಿದರು. ಸರ್ಕಾರಿ ನೌಕರರ ಸೇವಾ ವಿವಾದಗಳಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿ ಶುರುವಾಗಿದ್ದದ್ದು 1985ರಲ್ಲಿ, ಅಂದರೆ ಹೊಸದು. ವಕೀಲರು ಯೋಚಿಸಿ ಹೇಳಿದರು: ಯಾವ ಆದೇಶವನ್ನು ಪ್ರಶ್ನಿಸುತ್ತೀರಿ? ನಿಮ್ಮನ್ನು ಎಲ್ಲಿಂದಲೂ ತೆಗೆದಿಲ್ಲ. ನಿಮ್ಮನ್ನು ಕಳಿಸಿಲ್ಲ, ಅಷ್ಟೇ. ಕಳಿಸದೇ ಇದ್ದದ್ದಕ್ಕೆ ಆದೇಶ ಇರುವುದಿಲ್ಲ.

ಆ ಮಾತೇ ಅವರಿಗೆ ದಾರಿ ತೋರಿಸಿತು ಅಂತ ನನ್ನ ಅಂದಾಜು. ಆದೇಶ ಇಲ್ಲದ ವಿಷಯಕ್ಕೆ ದಾಖಲೆ ತಾವೇ ಮಾಡಬೇಕು.

ಸರ್ಕಾರ ಸಿವಿಲ್ ಲಿಸ್ಟ್ ಅಂತ ಪ್ರಕಟಿಸುತ್ತದೆ. ಯಾವ ಅಧಿಕಾರಿ ಯಾವ ಹುದ್ದೆಯಲ್ಲಿ ಯಾವತ್ತಿನಿಂದ ಇದ್ದಾರೆ ಎಂಬ ಪಟ್ಟಿ. ಗುಟ್ಟಿನದ್ದೇನಲ್ಲ, ಬಹಳ ಮಂದಿ ಬ್ಯಾಚಿನವರ ಜನ್ಮದಿನಾಂಕ ನೋಡಿ ಯಾರು ಯಾವಾಗ ನಿವೃತ್ತಿ ಅಂತ ಲೆಕ್ಕ ಹಾಕಲು ಬಳಸುತ್ತಾರೆ. ಮೇಡಂ ಹಳೇ ವರ್ಷಗಳ ಲಿಸ್ಟುಗಳನ್ನೂ ಗ್ರಂಥಾಲಯದಿಂದ ತರಿಸಿದರು. ಒಂದು ಉದ್ದನೆಯ ಹಾಳೆಯಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದರು. ಎಡಗಡೆ ಬ್ಯಾಚಿನವರ ಹೆಸರು. ಮುಂದೆ ಉಪವಿಭಾಗದಲ್ಲಿ ಎಷ್ಟು ತಿಂಗಳು, ಜಿಲ್ಲೆಯಲ್ಲಿ ಎಷ್ಟು ತಿಂಗಳು, ಸಚಿವಾಲಯದಲ್ಲಿ ಎಷ್ಟು, ನಿಗಮ ಮತ್ತು ತರಬೇತಿಯಲ್ಲಿ ಎಷ್ಟು. ಮೊದಲ ಕರಡಿನಲ್ಲಿ ಕೆಳಗೆ ಎರಡು ಪುಟ ವಿವರಣೆ ಇತ್ತು. ಅನ್ಯಾಯ, ತಾರತಮ್ಯ, ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶ ಕೊಡುವ ಸಂವಿಧಾನದ 16ನೇ ವಿಧಿ, ಎಲ್ಲವೂ. ಕೊನೆಗೆ ಅದಷ್ಟನ್ನೂ ಹೊಡೆದು ಹಾಕಿದರು. ಉಳಿದದ್ದು ಕೋಷ್ಟಕ, ಅದರ ಕೆಳಗೆ ಒಂದೇ ವಾಕ್ಯ: ನನ್ನ ಹೆಸರಿನ ಮುಂದೆ ಜಿಲ್ಲೆಯ ಕಾಲಂ ಖಾಲಿ ಇರಲು ಕಾರಣವೇನೆಂದು ತಿಳಿಸಬೇಕಾಗಿ ಕೋರುತ್ತೇನೆ.

ಮನವಿ ಮುಖ್ಯ ಕಾರ್ಯದರ್ಶಿಗಳ ಮೇಜಿಗೆ ಹೋಯಿತು. ಇಂಥ ಕಾಗದಕ್ಕೆ ಕಡತದಲ್ಲಿ ಉತ್ತರ ಬರೆಯಲೇಬೇಕು. ಕೆಳಗಿನಿಂದ ಟಿಪ್ಪಣಿ ಏರಬೇಕು. ಟಿಪ್ಪಣಿ ಬರೆಯುವವನು ಕಾರಣ ಹುಡುಕಬೇಕು. ಹುಡುಕಿದರೆ ಕಾರಣ ಸಿಗಲಿಲ್ಲ. ಅನುಕೂಲ ಮಾಡಿಕೊಟ್ಟ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲವಲ್ಲ. ಉತ್ತರ ಬರಲಿಲ್ಲ, ಅದರ ಬದಲು ವರ್ಗಾವಣೆ ಆದೇಶ ಬಂತು. ಮೇಡಂ ಜಿಲ್ಲಾಧಿಕಾರಿಯಾದರು. ಬ್ಯಾಚಿನವರಿಗಿಂತ ನಾಲ್ಕೈದು ವರ್ಷ ತಡವಾಗಿ.

ಮುಂದೆ ಏನಾಯಿತು

ಜಿಲ್ಲೆಯ ವರ್ಷಗಳನ್ನು ಇಲ್ಲಿ ವಿವರಿಸುವುದಿಲ್ಲ. ಚೆನ್ನಾಗಿ ಮಾಡಿದರು, ಸಿ.ಆರ್. ದರ್ಜೆಯೂ ಮೇಲೆದ್ದಿತು. ಎಂಜಿನಿಯರುಗಳ ಇಲಾಖೆಗೆ ಬಂದ ಮೇಲೆ ನಡೆದ ಒಂದು ಸಂಗತಿ ಮಾತ್ರ ಹೇಳಬೇಕು. ಅಲ್ಲಿ ನಿಜವಾದ ತೀರ್ಮಾನಗಳು ಸಂಜೆ ಐಬಿಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ, ಊಟದ ಹೊತ್ತಿಗೆ ಆಗುತ್ತಿದ್ದವು. ಬೆಳಗಿನ ಸಭೆ ಬರೀ ಹೆಸರಿಗೆ. ಮೇಡಂ ಐಬಿಗೆ ಹೋಗುವ ಪೈಕಿ ಅಲ್ಲ, ಅವರನ್ನು ಯಾರೂ ಕರೆಯುತ್ತಲೂ ಇರಲಿಲ್ಲ. ಅವರು ಮಾಡಿದ್ದು ಇಷ್ಟು: ಸಭೆಯ ನಡಾವಳಿಯಲ್ಲಿ ಬರದ ಯಾವ ತೀರ್ಮಾನದ ಕಡತಕ್ಕೂ ಸಹಿ ಹಾಕುವುದಿಲ್ಲ ಎಂದರು. ಕೆಲವು ತಿಂಗಳು ಕಡತ ನಿಂತವು, ಗೊಣಗಾಟ ಶುರುವಾಯಿತು, ಮಂತ್ರಿಗಳವರೆಗೆ ದೂರು ಹೋಯಿತು. ಆಮೇಲೆ ಚರ್ಚೆ ಬೆಳಗಿನ ಸಭೆಗೇ ಬಂತು. ಇದರಿಂದ ಹೆಚ್ಚು ಉಪಯೋಗವಾದದ್ದು ಐಬಿಗೆ ಪ್ರವೇಶವಿಲ್ಲದಿದ್ದ ಕಿರಿಯ ಎಂಜಿನಿಯರುಗಳಿಗೆ. ಅವರಲ್ಲಿ ಗಂಡಸರೇ ಜಾಸ್ತಿ.

ಕೊನೆಯ ಮೆಟ್ಟಿಲಲ್ಲಿ ಮತ್ತೆ ಪೆಟ್ಟು ಬಿತ್ತು. ಆಯ್ಕೆಯಿಂದ ತುಂಬುವ ಅತಿ ಹಿರಿಯ ಹುದ್ದೆಯೊಂದಕ್ಕೆ ಅವರಿಗಿಂತ ಕಿರಿಯರನ್ನು ನೇಮಿಸಿದರು. ಇವರನ್ನು ಅದೇ ಸಂಬಳದ, ಸಚಿವಾಲಯದ ಹೊರಗಿನ ಹುದ್ದೆಗೆ ಕಳಿಸಿದರು. ಪತ್ರಿಕೆಗಳವರು ಬಂದರು. ಕೋರ್ಟಿಗೆ ಹೋಗಿ ಎಂದು ಒತ್ತಾಯಿಸಿದವರೂ ಬಹಳ ಮಂದಿ.

ಮೇಡಂ ಹೋಗಲಿಲ್ಲ. ಅವರ ಕಣ್ಣ ಮುಂದೆ ಇದ್ದದ್ದು ತಮಿಳುನಾಡಿನ ರಾಯಪ್ಪ ಪ್ರಕರಣ. ಮುಖ್ಯ ಕಾರ್ಯದರ್ಶಿಯಾಗಿದ್ದ ಇ.ಪಿ. ರಾಯಪ್ಪ ತಮ್ಮನ್ನು ಬದಲಿಸಿದ್ದನ್ನು ಪ್ರಶ್ನಿಸಿದ್ದರು. ಮನಬಂದಂತೆ ನಡೆಯುವುದು ಸಮಾನತೆಗೆ ವಿರುದ್ಧ ಎಂಬ ದೊಡ್ಡ ತತ್ವವನ್ನು ಸುಪ್ರೀಂ ಕೋರ್ಟ್ ಹೇಳಿದ್ದು ಆ ತೀರ್ಪಿನಲ್ಲೇ. ಆದರೆ ಮುಖ್ಯ ಕಾರ್ಯದರ್ಶಿ ಹುದ್ದೆ ನಂಬಿಕೆಯ ಹುದ್ದೆ ಎಂದು ಹೇಳಿ ರಾಯಪ್ಪ ಅವರ ಅರ್ಜಿಯನ್ನು ವಜಾ ಮಾಡಿತು. ಮುತ್ತಮ್ಮ, ರಾಯಪ್ಪ ಇಬ್ಬರದ್ದೂ ಒಂದೇ ಕಥೆ ನೋಡಿ. ಅರ್ಜಿ ಬಿತ್ತು, ಅರ್ಜಿಯಿಂದ ಹುಟ್ಟಿದ ಮಾತು ಉಳಿಯಿತು. ತತ್ವ ಆಗಲೇ ಇದೆ, ನಾನು ಹೋದರೆ ಅದಕ್ಕೆ ಹೊಸದೇನೂ ಸೇರುವುದಿಲ್ಲ ಅನ್ನುವುದು ಮೇಡಂ ಲೆಕ್ಕ. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ಹೊರಗಿನವರಿಗೆ ಅದು ಒಪ್ಪಿಗೆಯ ಹಾಗೆ ಕಂಡಿತು. ಕಾರಣ ಬರೆದು ಕೊಡಿ ಅಂತ ಜೀವನವಿಡೀ ಕೇಳಿದವರು, ಎಲ್ಲಕ್ಕಿಂತ ದೊಡ್ಡ ಸಂದರ್ಭದಲ್ಲಿ ಕೇಳಲಿಲ್ಲ. ಕೋರ್ಟು ಬೇಡ, ಸರ್ಕಾರಕ್ಕೆ ಒಂದು ಪುಟದ ಮನವಿಯಾದರೂ ಕೊಡಬಹುದಿತ್ತು. ಈ ವಿಷಯದಲ್ಲಿ ನನಗೆ ಅವರ ನಡೆ ಒಪ್ಪಿಗೆಯಿಲ್ಲ.

ಅವರ ಕಾಲದಲ್ಲಿ ಇಲ್ಲದ ಕೆಲವು ಅಸ್ತ್ರಗಳು ಈಗಿನವರ ಕೈಯಲ್ಲಿವೆ. 2007ರ ಕಾರ್ಯನಿರ್ವಹಣಾ ಮೌಲ್ಯಮಾಪನ ನಿಯಮಗಳು ಬಂದ ಮೇಲೆ ಅಖಿಲ ಭಾರತ ಸೇವೆಗಳವರಿಗೆ ಪೂರ್ತಿ ವರದಿಯನ್ನು ತೋರಿಸುತ್ತಾರೆ, ಅಂಕ 10ಕ್ಕೆ ಎಷ್ಟು ಅಂತ ಗೊತ್ತಾಗುತ್ತದೆ, ತಕರಾರು ಹೇಳಬಹುದು. 2008ರ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿಕೂಲ ಇರಲಿ ಬಿಡಲಿ ಪ್ರತಿ ದರ್ಜೆಯನ್ನೂ ನೌಕರನಿಗೆ ತಿಳಿಸಬೇಕು ಎಂದಿತು. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಬಾಯಿಮಾತಿನ ಸೂಚನೆಗಳನ್ನು ದಾಖಲಿಸಬೇಕು ಎಂದಿತು. ಅಡ್ಡಗೋಡೆಯ ಮಾತು ಬರೆಯುವವರು ಈಗ ಸ್ವಲ್ಪ ಯೋಚಿಸುತ್ತಾರೆ. ಆದರೆ ಬರೆಯದೇ, ಕಾಫಿ ಕೊಟ್ಟು ಹೇಳುವ ಮಾತಿಗೆ ಇವು ಯಾವುವೂ ತಾಗುವುದಿಲ್ಲ.

ಕಿರಿಯ ಅಧಿಕಾರಿಯ ಅರ್ಜಿ

ಸನ್ಮಾನ ಪತ್ರದಲ್ಲಿ ಬಾರದ ಇನ್ನೊಂದು ಘಟನೆ ಇದೆ. ಮೇಡಂ ಪ್ರಧಾನ ಕಾರ್ಯದರ್ಶಿಯಾಗಿದ್ದಾಗ, ಜಿಲ್ಲೆಯೊಂದರಲ್ಲಿದ್ದ ಅವರ ಇಲಾಖೆಯ ಯುವ ಅಧಿಕಾರಿಯೊಬ್ಬರು ಬೆಂಗಳೂರಿಗೆ ವರ್ಗ ಕೇಳಿದರು. ಮಗುವಿಗೆ ಹುಷಾರಿರಲಿಲ್ಲ, ಚಿಕಿತ್ಸೆ ಬೆಂಗಳೂರಲ್ಲಿ. ಮೇಡಂ ಒಪ್ಪಲಿಲ್ಲ. "ಈಗ ಬಂದರೆ ಮತ್ತೆ ಹೊರಗೆ ಹೋಗೋಕೆ ಆಗಲ್ಲಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು. ಮೂವತ್ತು ವರ್ಷದ ಹಿಂದೆ ಜಿಲ್ಲಾಧಿಕಾರಿ ಹೇಳಿದ್ದಕ್ಕಿಂತ ಇದು ಎಷ್ಟು ಬೇರೆ? ದಿಕ್ಕು ಬೇರೆ, ಧಾಟಿ ಅದೇ. ಅವಳ ಒಳ್ಳೇದು ಯಾವುದು ಅಂತ ಮತ್ತೊಬ್ಬರೇ ತೀರ್ಮಾನಿಸಿದ್ದರು.

ಯುವ ಅಧಿಕಾರಿ ಮನೆಗೆ ಹೋಗಿ ಅರ್ಜಿಯನ್ನು ಮತ್ತೆ ಬರೆದರು. ಎಷ್ಟು ತಿಂಗಳು ಬೇಕು, ಯಾಕೆ ಬೇಕು, ಅವಧಿ ಮುಗಿದ ಮೇಲೆ ಜಿಲ್ಲೆಗೇ ವಾಪಸ್ ಹಾಕಬೇಕು, ಈ ಅವಧಿಯನ್ನು ಫೀಲ್ಡ್ ಅನುಭವದ ಕೊರತೆ ಎಂದು ಎಣಿಸಬಾರದು. ಕೊನೆಗೆ, ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಮೇಡಂ ಅದನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು ಅಂತ ಅವರ ಆಪ್ತ ಸಹಾಯಕರು ಹೇಳುತ್ತಾರೆ. ಆಮೇಲೆ ಷರತ್ತುಗಳೆಲ್ಲ ಹಾಗೆಯೇ ಇರುವ ಆದೇಶಕ್ಕೆ ಸಹಿ ಹಾಕಿದರು. ಅವಧಿ ಮುಗಿದಾಗ ಆ ಅಧಿಕಾರಿ ಜಿಲ್ಲೆಗೆ ವಾಪಸ್ ಹೋದರು.

ಅದೇ ನಮೂನೆಯ ಆದೇಶವನ್ನು ಇಲಾಖೆಯಲ್ಲಿ ಆಮೇಲೆ ಬೇರೆಯವರೂ ಕೇಳಿ ಪಡೆದರು. ಅವರಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳಬೇಕಿದ್ದ ಒಬ್ಬ ಗಂಡಸೂ ಇದ್ದರು. ಇದನ್ನು ಸುತ್ತೋಲೆಯಾಗಿ ಹೊರಡಿಸಬೇಕು ಅಂತ ಮೇಡಂ ಕರಡು ಮಾಡಿಸಿದ್ದರು. ಅಷ್ಟರಲ್ಲಿ ಅವರಿಗೇ ವರ್ಗವಾಯಿತು. ನಂತರ ಬಂದವರು ಇದಕ್ಕೆಲ್ಲ ಸುತ್ತೋಲೆ ಯಾಕೆ, ಕೇಳಿದವರಿಗೆ ಸುಮ್ನೆ ಮಾಡಿಕೊಟ್ಟರಾಯ್ತು ಅಂದರು. ಕರಡು ಕಡತದಲ್ಲೇ ಉಳಿದಿದೆ. ಈಗಲೂ ಆ ಇಲಾಖೆಯಲ್ಲಿ ಇಂಥ ಆದೇಶ ಬೇಕಾದವರು ಹಳೇ ಆದೇಶದ ಜೆರಾಕ್ಸ್ ಹಿಡಿದುಕೊಂಡು ಹೋಗುತ್ತಾರೆ. ಕುರ್ಚಿಯಲ್ಲಿರುವವರು ಒಪ್ಪಿದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.